ಕುದುರೆ ಬಂದರೆ ಹೋಗು

ನಮ್ಮಪ್ಪನ ಹತ್ತಿರ ಒಂದು ಸಂಚಿ ತುಂಬ ಹಳೆಯ ನಾಣ್ಯಗಳಿದ್ದವು. ಎಲೆ ಅಡಿಕೆ ಇಟ್ಟುಕೊಳ್ಳುವ ಬಟ್ಟೆಯ ಸಂಚಿ, ದೊಡ್ಡದೇನಲ್ಲ. ಭೀಮಾ ದಂಡೆಯಲ್ಲಿ ಹೊಲವಿದ್ದ ದೂರದ ನೆಂಟನೊಬ್ಬ ನೇಗಿಲಿಗೆ ಸಿಕ್ಕವು ಎಂದು ತಂದುಕೊಟ್ಟಿದ್ದ. ಸೀಸದ ನಾಣ್ಯಗಳು, ಕಪ್ಪು ಬೂದಿಯ ಬಣ್ಣ, ಹೆಬ್ಬೆರಳ ಉಗುರಿನಷ್ಟು ಗಾತ್ರ. ಒಂದು ಮಗ್ಗುಲಿಗೆ ಆನೆ, ಇಲ್ಲವೆ ಕುದುರೆ, ಇಲ್ಲವೆ ಎತ್ತು. ಇನ್ನೊಂದು ಮಗ್ಗುಲಿಗೆ ಒಂದಕ್ಕೊಂದು ಜೋಡಿಸಿದ ನಾಲ್ಕು ಬಳೆಗಳಂಥ ಗುರುತು. ಕೆಲವಕ್ಕೆ ಯಾವುದೋ ಕಾಲದಲ್ಲಿ ಯಾರೋ ತೂತು ಕೊರೆದು ಕೊರಳಿಗೆ ಕಟ್ಟಿಕೊಂಡಿದ್ದರು. ಉಳಿದವಕ್ಕೆ ಅಪ್ಪನೇ ಮೊಳೆ ಹೊಡೆದು ತೂತು ಮಾಡಿದ.

ರಂಗಂಪೇಟೆಯಲ್ಲಿ ನಮ್ಮದು ಹಗ್ಗ, ಗೋಣಿಚೀಲ, ಮಳೆಗೆ ಹೊದಿಸುವ ತಾಡಪತ್ರಿಯ ಅಂಗಡಿ. ಒಮ್ಮೆ ಶಹಾಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮೇಷ್ಟ್ರೊಬ್ಬರು ತಾಡಪತ್ರಿ ಒಯ್ಯಲು ಬಂದವರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬಿದ್ದಿದ್ದ ನಾಣ್ಯ ನೋಡಿ ಹಣೆ ಹಣೆ ಬಡಿದುಕೊಂಡರು. "ಶಾತವಾಹನರ ಕಾಲದ್ದು ಅದ್ರಿ ಇದು. ಮೊಳಿ ಹೊಡದೀರಲ್ರಿ!" ಅಂದರು. ಆಮೇಲೆ ಸಮಾಧಾನ ಮಾಡಿಕೊಂಡು, ಚಹಾ ಕುಡಿಯುತ್ತ ಪಾಠ ಹೇಳಿದರು. ಅಂಚಿನಲ್ಲಿ ಅರಸನ ಹೆಸರು ಬರೆದಿರುತ್ತಿತ್ತಂತೆ, ಆದರೆ ಹಳ್ಳಿಯಲ್ಲಿ ಅದನ್ನು ಓದುವವರು ಯಾರು? ಅದಕ್ಕೇ ಪ್ರಾಣಿ. "ಆನಿ ಕಂಡ್ರ ಸಾಕು, ಈ ನೆಲ ಯಾರ ಕೈಯಾಗ ಅದ ಅಂತ ತಿಳೀತಿತ್ತು. ನಾಣ್ಯ ಅಂದ್ರ ಬರೇ ರೊಕ್ಕ ಅಲ್ರಿ. ಅರಸನ ಮಾತು ಹೊತಗೊಂಡು ಊರೂರು ತಿರಗೋ ಜಾಸೂದ."

ಅಪ್ಪ ಆ ಪಾಠದಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡ. ಅಕ್ಷರ ಬರದವರಿಗೆ ಆನೆ ಕುದುರೆ ತೋರಿಸಿ ಹುಕುಂ ಕಳಿಸಬಹುದು, ಅಷ್ಟೆ. ಅಕ್ಷರ ಬರದವಳೊಬ್ಬಳು ಮನೆಯಲ್ಲೇ ಇದ್ದಳು, ನಮ್ಮವ್ವ. ಹುಕುಂ ಒಯ್ಯಲು ಮಾಳಿಗೆಯ ಮೇಲೆ ಪಾರಿವಾಳಗಳಿದ್ದವು.

ಪಾರಿವಾಳ ಅಪ್ಪನ ಹುಚ್ಚು. ಯಾದಗಿರಿಯ ಸಾಬರೊಬ್ಬರ ಸಂಗದಿಂದ ಹತ್ತಿದ್ದು. ಅವರು ಕೋಟೆಯ ಬುಡದಲ್ಲಿ ಪಾರಿವಾಳ ಸಾಕಿಕೊಂಡು, ಹಾರಿಸಿ ಪಂದ್ಯ ಕಟ್ಟುವವರು. ಮಾಲು ತರಲು ಅಪ್ಪ ವಾರಕ್ಕೊಮ್ಮೆ ಯಾದಗಿರಿಗೆ ಹೋಗುತ್ತಿದ್ದ. ಹೋಗುವಾಗ ಬಿದಿರಿನ ಬುಟ್ಟಿಯಲ್ಲಿ ಒಂದು ಗಂಡು ಹಕ್ಕಿಯನ್ನು ಒಯ್ಯುತ್ತಿದ್ದ. ಹಿಂದಿನ ದಿನ ಅದಕ್ಕೆ ಕಾಳು ಹಾಕುತ್ತಿರಲಿಲ್ಲ. ಅದರ ಹೆಣ್ಣನ್ನು ಬೇರೆ ಗೂಡಿಗೆ ಹಾಕಿ, ಗಂಡಿಗೆ ಕಾಣುವಂತೆ ಇಟ್ಟು, ಮುಟ್ಟಲು ಬಿಡುತ್ತಿರಲಿಲ್ಲ. ಹೊಟ್ಟೆಯೂ ಖಾಲಿ, ಜೋಡಿಯೂ ಮನೆಯಲ್ಲಿ ಬಂದಿ. ಹಕ್ಕಿ ಎಲ್ಲಿ ನಿಂತೀತು? "ಹಸಿದದ್ದು ಹಾದಿ ತಪ್ಪಂಗಿಲ್ಲ" ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಬಂದವರು ನಗುತ್ತಿದ್ದರು. ಊರಿನವರಿಗೆ ಅಪ್ಪ ಎಂದರೆ ಬಹಳ ಮಜಾ ಮನುಷ್ಯ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಆ ಮಾತು ಅವನನ್ನು ನೋಡಿಯೇ ಹುಟ್ಟಿರಬೇಕು.

ಹಕ್ಕಿಯ ಕಾಲಿಗೆ ಕೆಂಪು ದಾರದಲ್ಲಿ ಒಂದು ನಾಣ್ಯ ಕಟ್ಟಿ ಯಾದಗಿರಿಯಿಂದ ಬಿಡುತ್ತಿದ್ದ. ಅವ್ವನಿಗೆ ಮೊದಲೇ ಬಾಯಿಪಾಠ ಮಾಡಿಸಿದ್ದ. "ಆನಿ ಬಂದ್ರ, ಜನಾ ಕರಕೊಂಡು ಬರ್ತೀನಿ, ಅಡಗಿ ಮಾಡಿಡು. ಕುದುರಿ ಬಂದ್ರ ಹೂಂ. ಎತ್ತು ಬಂದ್ರ ಇಲ್ಲ. ಇಷ್ಟರ ತಿಳೀತದೋ ಇಲ್ಲೋ ನಿನ್ನ ಮಣ್ಣ ತಲಿಗೆ?"

ಹೂಂ ಮತ್ತು ಇಲ್ಲ ಯಾತಕ್ಕೆ ಅಂದರೆ, ಅವ್ವ ಏನು ಕೇಳಿದರೂ ಅವನು ಹೊಸ್ತಿಲಲ್ಲಿ ನಿಂತು ಉತ್ತರ ಕೊಡುತ್ತಿರಲಿಲ್ಲ. ಗುಡಿಗೆ ಹೋಗಲೇ? ಬಳೆ ಇಡಿಸಿಕೊಂಡು ಬರಲೇ? ಓಣಿಯ ಸೀಮಂತಕ್ಕೆ ಹೋಗಲೇ? "ಯಾದಗಿರಿಗೆ ಹೋಗಿ ಹೇಳ್ತೀನಿ" ಅನ್ನುತ್ತಿದ್ದ. ಅಂಗಡಿಯಲ್ಲಿ ಫೋನಿತ್ತು, ಅದರ ಗಂಟೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಅದು ಗಿರಾಕಿಗಳಿಗೆ. ಹೆಂಡತಿಗೆ ಹಕ್ಕಿ.

ಅವ್ವ ಅಡುಗೆ ಮುಗಿಸಿ ಮಾಳಿಗೆ ಹತ್ತಿ ಕೂಡುತ್ತಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಜೋಳ. ನಮ್ಮ ಸೀಮೆಯ ಬಿಸಿಲು ಹೇಳಬೇಕಿಲ್ಲ, ಮಾಳಿಗೆಯ ಮಣ್ಣು ಅಂಗಾಲು ಸುಡುತ್ತಿತ್ತು. ಹಕ್ಕಿ ಬಂದ ಕೂಡಲೇ ಕಾಳು ಚೆಲ್ಲಿ, ಹಿಡಿದು, ನಾಣ್ಯ ಬಿಚ್ಚಿ ಗೂಡಿಗೆ ಹಾಕಬೇಕು. ಒಮ್ಮೆ ಅವಳು ಒಲೆಯ ಮೇಲಿನ ಹಾಲು ಇಳಿಸಲು ಕೆಳಗೆ ಹೋದಾಗ ಹಕ್ಕಿ ಬಂದು ಕೂತಿತು, ಬೆಕ್ಕು ಹಿಡಿಯಿತು. ಅಪ್ಪ ಆ ಪುಕ್ಕಗಳನ್ನೆಲ್ಲ ಆರಿಸಿ, ದಾರಕ್ಕೆ ಪೋಣಿಸಿ, ಅಡುಗೆಮನೆಯ ಬಾಗಿಲಿಗೆ ತೋರಣ ಕಟ್ಟಿದ. ಯಾರೂ ತೆಗೆಯಬಾರದೆಂದು ಹೇಳಿದ. ನಾವು ಆ ತೋರಣದ ಕೆಳಗೇ ಒಳಗೆ ಹೋಗಿ ಹೊರಗೆ ಬಂದು ಮಾಡಿದೆವು, ಪುಕ್ಕ ತಾವಾಗಿ ಉದುರುವವರೆಗೆ. ರೊಟ್ಟಿ ಬಡಿಯುವಾಗ ಒಮ್ಮೊಮ್ಮೆ ಹಿಟ್ಟಿನೊಳಗೆ ಬೀಳುತ್ತಿದ್ದವು.

ಇದನ್ನೆಲ್ಲ ಬರೆಯುವಾಗ ನನಗೆ ಈಗಲೂ ಮೈ ಉರಿಯುತ್ತದೆ. ಆದರೆ ನಾನು ಹೇಳಬೇಕಾದ್ದು ಒಂದು ದಿನದ ಮಾತು.

ಅವ್ವನ ತವರು ಬೋನಾಳ. ಮೋಟಾರ್ ಸೈಕಲ್ಲಿಗೆ ಅರ್ಧ ತಾಸಿನ ಹಾದಿಯೂ ಅಲ್ಲ. ಅಲ್ಲಿ ಆಯಿ, ಅಂದರೆ ಅವ್ವನ ಹಡೆದವ್ವ, ಹಾಸಿಗೆ ಹಿಡಿದಿದ್ದಳು. ಅಪ್ಪ ಬುಟ್ಟಿ ಹಿಡಿದು ಬಸ್ಸಿಗೆ ಹೊರಟಿದ್ದ ಬೆಳಿಗ್ಗೆ ನಮ್ಮ ಸೋದರಮಾವ ಗಾಡಿ ತೆಗೆದುಕೊಂಡು ಬಂದ. ಬಾಗಿಲಲ್ಲೇ ನಿಂತು, "ಮಾವಾರ, ಅವ್ವ ಇವತ್ತು ದಾಟೂದಿಲ್ಲ. ತಂಗೀನ ಕರೀಲಿಕತ್ಯಾಳ. ಕರಕೊಂಡು ಹೋಗ್ತೀನ್ರಿ" ಅಂದ.

ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದ. "ನಮ್ಮ ಮಾಲಿನ ಮಂದಿ ಇವತ್ತು ನನ್ನ ಜೋಡಿ ಊಟಕ್ಕ ಬಂದ್ರೂ ಬರಬಹುದು. ಯಾದಗಿರಿಗೆ ಹೋಗಿ ಹೇಳ್ತೀನಿ. ಕುದುರಿ ಬಂದ್ರ ಹೋಗು."

ಅವ್ವ "ಹೂಂನ್ರಿ" ಅಂದಳು. ಮಾವ ಅವಳ ಮುಖ ನೋಡಿದ. ನಾನಾಗ ಐದನೇ ಇಯತ್ತೆ. ಅವ್ವ ನನಗೆ ಲಂಗ ಬದಲಿಸಿ, ತಾನು ಹಸಿರು ಸೀರೆ ಉಟ್ಟು, ತಯಾರಾಗಿ ಮಾಳಿಗೆ ಹತ್ತಿದಳು. ನಾನೂ ಹತ್ತಿದೆ. ಮಾವ ಕೆಳಗೆ ಕಟ್ಟೆಯ ಮೇಲೆ ಕೂತ.

ಹಕ್ಕಿ ಬರುವ ಹೊತ್ತು ಬಂತು, ಹಕ್ಕಿ ಬರಲಿಲ್ಲ. ಸುರಪುರದ ಗುಡ್ಡಗಳ ಮೇಲೆ ಗಿಡುಗಗಳು ಸುತ್ತುತ್ತಿದ್ದವು, ಅವು ಯಾವಾಗಲೂ ಇರುತ್ತವೆ. ಮಾವ ಎರಡು ಸಲ ಕೆಳಗಿನಿಂದ ಕೂಗಿದ. ಮೂರನೆಯ ಸಲ ಗಾಡಿ ಚಾಲೂ ಮಾಡಿ, ಅದರ ಸದ್ದಿನ ಮೇಲೆ ಕೂಗಿದ. "ಏ ತಂಗಿ, ಹಕ್ಕಿ ಮಾತು ಕೇಳ್ಕೋತ ಹಡದಾಕೀನ ಬಿಡ್ತಿ ಏನು? ಇಳಿ ಕೆಳಗ!"

ಅವ್ವ ಎದ್ದಳು. ಮೆಟ್ಟಿಲತನಕ ಹೋದಳು. ಅಲ್ಲಿಂದ ತಿರುಗಿ ಆಕಾಶ ನೋಡಿ, "ಇನ್ನೊಂದೀಟು ತಡಿಯಣ್ಣ, ಬರ್ತದ" ಅಂದಳು. ಮಾವ ತಡೆಯಲಿಲ್ಲ, ಹೊರಟುಹೋದ. ಅವನಿಗೂ ಅಲ್ಲಿ ಸಾಯುತ್ತಿದ್ದವಳು ತಾಯಿಯೇ.

ಹೊತ್ತು ಇಳಿಯುವಾಗ ಬೋನಾಳದಿಂದ ಹಾಲು ತರುವ ಮುದುಕ ಸುದ್ದಿ ತಂದ. ಆಯಿ ಹೋಗಿದ್ದಳು. ನಮ್ಮಲ್ಲಿ ಹೆಚ್ಚು ಹೊತ್ತು ಇಡುವುದಿಲ್ಲ, ಮುದುಕ ಅಲ್ಲಿಂದ ಹೊರಡುವಾಗಲೇ ಮಣ್ಣಿಗೆ ಎತ್ತಿದ್ದರು. ಅವ್ವ ಕೆಳಗೆ ಇಳಿದು ಬಂದು ಒಲೆಯ ಮುಂದೆ ಕೂತಳು. ಅಳಲಿಲ್ಲ. ನಮ್ಮ ಕಡೆ ಸತ್ತವರ ಗುಣ ಹಾಡಿ ಹಾಡಿ ಅಳುತ್ತಾರೆ, ಓಣಿಯ ಯಾವ ಮನೆಯಲ್ಲಿ ಸಾವಾದರೂ ಅವ್ವನನ್ನೇ ಕರೆಯುತ್ತಿದ್ದರು, ಅಷ್ಟು ಚೆನ್ನಾಗಿ ಹಾಡುತ್ತಿದ್ದಳು. ಅವತ್ತು ಬಾಯಿ ತೆರೆಯಲಿಲ್ಲ.

ಸಂಜೆಯ ಬಸ್ಸಿಗೆ ಅಪ್ಪ ಬಂದ. ಒಬ್ಬನೇ ಬಂದ. ಅವ್ವನನ್ನು ನೋಡಿ, "ಹೋಗಿಲ್ಲೇನು? ಕುದುರಿ ಕಳಿಸಿದ್ನಲ್ಲ?" ಅಂದ.

"ಹಕ್ಕಿ ಬರ್ಲಿಲ್ರಿ. ನಮ್ಮವ್ವ ಹೋದ್ಳು."

"ಬರ್ಲಿಲ್ಲ?" ಅಂತ ಅಪ್ಪ ಕೂಗಿದ. ಧೋತರ ಎತ್ತಿ ಕಟ್ಟಿ ದಡದಡ ಮಾಳಿಗೆ ಹತ್ತಿದ. ಗೂಡುಗಳನ್ನೆಲ್ಲ ನೋಡಿ ಇಳಿದು ಬಂದಾಗ ಮುಖ ಕೆಟ್ಟಿತ್ತು. ಅದು ಅವನ ಎಲ್ಲಕ್ಕಿಂತ ಒಳ್ಳೆಯ ಹಕ್ಕಿ, ನೀಲಿ ಕೊರಳಿನದು. "ಗಿಡಗ ಹೊಡದದ. ಅದರಂಥಾದ್ದು ಇನ್ನ ಸಿಗೂದಿಲ್ಲ" ಅಂದ. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. ಹಕ್ಕಿಯ ಸಲುವಾಗಿ.

ಆಮೇಲೆ ಪಾರಿವಾಳಗಳು ಕೆಲವು ವರ್ಷ ಇದ್ದವು. ಮೊಬೈಲು ಬಂತು, ಹುಚ್ಚು ಇಳಿಯಿತು, ಗೂಡುಗಳನ್ನು ಒಡೆದು ಒಲೆಗೆ ಹಾಕಿದೆವು. ನಾನು ಓದಿದೆ, ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ಗುಮಾಸ್ತಳಾದೆ, ಮದುವೆಯಾಗಿ ಎರಡು ಓಣಿ ಆಚೆ ಮನೆ ಮಾಡಿದೆ. ಅಷ್ಟು ವರ್ಷಗಳಲ್ಲಿ ಅವ್ವ ಆ ದಿನದ ಮಾತು ಒಮ್ಮೆಯೂ ಎತ್ತಲಿಲ್ಲ. ಮರೆತಿದ್ದಾಳೆ ಅಂದುಕೊಂಡಿದ್ದೆ. ಬಾಯಿ ಮುಚ್ಚಿದವರೆಲ್ಲ ಮರೆತವರು ಅಂತ ನಾವು ಅಂದುಕೊಳ್ಳುತ್ತೇವೆ, ನಮಗೆ ಅದು ಸಲೀಸು.

ಮೂರು ವರ್ಷದ ಹಿಂದೆ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಮಗ್ಗುಲು ಪೂರ್ತಿ ಹೋಯಿತು, ಮಾತು ಹೋಯಿತು. ಎಡಗೈ ಉಳಿಯಿತು, ತಿಳಿವಳಿಕೆ ಉಳಿಯಿತು. ಕೈಕಾಲು ಆಡಿಸುವುದನ್ನು ಕಲಿಸಲು ಬರುತ್ತಿದ್ದ ಹುಡುಗಿ ಒಂದು ಚಿತ್ರದ ಹಾಳೆ ಕೊಟ್ಟಳು. ನೀರಿನ ಲೋಟ, ತಟ್ಟೆ, ಫ್ಯಾನು. ಬೇಕಾದ್ದರ ಮೇಲೆ ಬೆರಳಿಟ್ಟು ತೋರಿಸಲಿ ಅಂತ. ಅವ್ವ ಅದನ್ನು ಮಡಚಿ ಕಪಾಟಿನ ಮೇಲೆ ಎಸೆದಳು. ಎಲ್ಲಿಂದಲೋ ಆ ಎಲೆಸಂಚಿ ತೆಗೆದಳು. ಒಂದು ಕುದುರೆ, ಒಂದು ಎತ್ತು ಆರಿಸಿ, ಕೆಂಪು ದಾರ ಪೋಣಿಸಿ, ಮಂಚದ ಪಕ್ಕದ ಕಿಟಕಿಯ ಸರಳಿಗೆ ಅವನ ಎಡಗೈಗೆ ಸಿಗುವಂತೆ ಕಟ್ಟಿದಳು.

"ಗೊತ್ತದಲ್ರಿ? ಕುದುರಿ ಅಂದ್ರ ಹೂಂ. ಎತ್ತು ಅಂದ್ರ ಇಲ್ಲ" ಅಂದಳು.

"ಆನಿ?" ಅಂತ ನಾನು ಕೇಳಿದೆ.

"ಆನಿ ಯಾಕ? ಇನ್ನ ಯಾರು ಬರ್ತಾರ ಇವರ ಜೋಡಿ ಉಣ್ಣಾಕ?"

ಅವ್ವ ಅಪ್ಪನನ್ನು ನೋಡಿಕೊಂಡ ರೀತಿಯನ್ನು ರಂಗಂಪೇಟೆಯಲ್ಲಿ ಇವತ್ತಿಗೂ ಹೊಗಳುತ್ತಾರೆ. ಅಷ್ಟು ದಿನ ಮಲಗಿದ್ದರೂ ಬೆನ್ನಿಗೆ ಒಂದು ಹುಣ್ಣಾಗಲಿಲ್ಲ. ಹಾಸಿಗೆ ದಿನಾ ಬದಲಾಗುತ್ತಿತ್ತು, ಹಣೆಗೆ ವಿಭೂತಿ ತಪ್ಪಲಿಲ್ಲ, ಕೊರಳ ಲಿಂಗಕ್ಕೆ ಪೂಜೆ ತಪ್ಪಲಿಲ್ಲ. ಮಾತು ಕೂಡ ಅದೇ ಮರ್ಯಾದೆಯದು, ಒಂದು ಸಲವೂ ಏಕವಚನ ಬಳಸಲಿಲ್ಲ. ನೋಡಲು ಬಂದ ಹೆಂಗಸರು "ಗಂಡನ ಸೇವಾ ಅಂದ್ರ ಹಿಂಗಿರಬೇಕು" ಅಂತ ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಬೆಳಗಿನ ಚಹಾದ ಹೊತ್ತಿಗೆ ಅವರು ಯಾರೂ ಇರುತ್ತಿರಲಿಲ್ಲ. ನಾನಿರುತ್ತಿದ್ದೆ, ಬಸ್ಸಿಗೆ ಹೋಗುವ ಮೊದಲು ಅಪ್ಪನನ್ನು ಎತ್ತಿ ದಿಂಬಿಗೆ ಒರಗಿಸಲು ಬರುತ್ತಿದ್ದೆ.

ಅವ್ವ ಚಹಾದ ಲೋಟ, ಚಮಚ ಹಿಡಿದು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂಡುವಳು. ಅಪ್ಪನಿಗೆ ಚಹಾ ಅಂದರೆ ಜೀವ. ಮೂಗಿಗೆ ಏಲಕ್ಕಿಯ ವಾಸನೆ ಬಡಿಯುವಷ್ಟು ಹತ್ತಿರ ಲೋಟ ಹಿಡಿದು ಕೇಳುವಳು.

"ಅವತ್ತು ಹಕ್ಕಿ ಬಿಟ್ಟಿದ್ರೇನ್ರಿ?"

ಅಪ್ಪ ಕುದುರೆ ಮುಟ್ಟುವನು.

"ಖರೇ ಹೇಳ್ರಿ. ಬಿಟ್ಟಿದ್ರೋ, ಬುಟ್ಟ್ಯಾಗ ಇಟಗೊಂಡು ಮರತು ಕುಂತಿದ್ರೋ? ಬಿಟ್ಟಿದ್ರ?"

ಮತ್ತೆ ಕುದುರೆ. ಅವ್ವ ಸಿಟ್ಟಾಗುವುದಿಲ್ಲ. ಲೋಟ ಹಿಡಿದು ಕೂತೇ ಇರುವಳು. ಮತ್ತೆ ಕೇಳುವಳು, ಅದೇ ದನಿಯಲ್ಲಿ. ಚಹಾ ಆರಿ ಕೆನೆ ಕಟ್ಟಿದ ಮೇಲೆ, ಆ ಕೆನೆಯ ಸಮೇತ ಚಮಚದಿಂದ ಕುಡಿಸುವಳು. ಬಿಸಿ ಚಹಾ ಅಪ್ಪನಿಗೆ ಆ ಮನೆಯಲ್ಲಿ ಸಿಗಲಿಲ್ಲ. ಒಂದು ದಿನ ನಾನು ತಡೆಯಲಾರದೆ, "ಯವ್ವಾ, ಹೇಳ್ಯಾನಲ್ಲ, ಬಿಡು ಇನ್ನ. ಕುಡಸು ಬಿಸಿ ಇದ್ದಾಗ" ಅಂದೆ.

"ಹಸದ್ರ ಖರೇ ಬರ್ತದ" ಅಂದಳು. ಅವನ ಮುಖ ನೋಡುತ್ತಲೇ ಅಂದಳು.

ಒಳಗೊಳಗೆ ನನಗೆ ಖುಷಿಯೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಮಾಡಿದ್ದುಣ್ಣೋ ಮಹರಾಯ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಆ ಎಡಗೈ ದಿನವೂ ತಪ್ಪದೆ ಕುದುರೆಯ ಕಡೆಗೇ ಹೋಗುವುದನ್ನು ನೋಡಿ ನೋಡಿ, ಇವನು ಹೇಳುವುದು ನಿಜವೇ ಇರಬೇಕು ಅನ್ನಿಸತೊಡಗಿತು. ಸುಳ್ಳು ಹೇಳುವವನಾದರೆ ಬಿಸಿ ಚಹಾದ ಆಸೆಗಾದರೂ ಅವ್ವ ಬಯಸಿದ್ದನ್ನು ಹೇಳಿ ಮುಗಿಸುತ್ತಿದ್ದ.

ಹೋದ ವರ್ಷ ಕಚೇರಿಯ ಕೆಲಸಕ್ಕೆ ಯಾದಗಿರಿಗೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು. ಕಾಲು ತಾವಾಗಿಯೇ ಕೋಟೆಯ ಕಡೆ ನಡೆದವು. ಆ ಸಾಬರು ಇನ್ನೂ ಇದ್ದರು. ಕಣ್ಣು ಮಂಜಾಗಿತ್ತು, ಹಕ್ಕಿಗಳನ್ನು ಕೈಯಿಂದ ಸವರಿ ಗುರುತು ಹಿಡಿಯುತ್ತಿದ್ದರು. ಅಪ್ಪನ ಹೆಸರು ಹೇಳಿ, ಅವನ ಮಗಳು ಅಂದದ್ದಕ್ಕೆ ಕೂಡ್ರಿಸಿ, ಚಹಾ ತರಿಸಿದರು. ನಾನು ನೆಟ್ಟಗೆ ಕೇಳಿದೆ, ಆ ನೀಲಿ ಕೊರಳಿನ ಹಕ್ಕಿ ನೆನಪಿದೆಯೇ ಎಂದು.

"ಅದು ಮರಿಯೋ ಹಕ್ಕಿ ಅಲ್ಲ ಬೇಟಾ. ಸ್ಟೇಷನ್ ಮುಂದ ನಾನೇ ಬುಟ್ಟಿ ಹಿಡಕೊಂಡಿದ್ದೆ. ನಿಮ್ಮಪ್ಪ ಕುದುರಿ ಕಟ್ಟಿದ. 'ಹೆಂಡತಿ ತವರಿಗೆ ಹೋಗಬೇಕು, ಜಲ್ದಿ ಹಾರ್ಲಿ' ಅಂದ. ಹಕ್ಕಿ ಎರಡು ಸುತ್ತು ಹಾಕಿ ಶಹಾಪುರದ ಹಾದಿ ಹಿಡೀತು. ಆಮ್ಯಾಲ ಅದು ಮನಿ ಮುಟ್ಟಲೇ ಇಲ್ಲಂತ ಕೇಳಿ, ನಾನೂ ಭಾಳ ಹಳಹಳಿ ಪಟ್ಟೆ."

ಬಸ್ಸಿನಲ್ಲಿ ಕೂತು ಬರುವಾಗ ನನಗೆ ಹಗುರಾಗಿತ್ತು. ಅಪ್ಪ ಕೆಟ್ಟವನು ಹೌದು, ಆದರೆ ಆ ಒಂದು ದಿನ ಹೂಂ ಅಂದಿದ್ದ, ಜಲ್ದಿ ಹಾರಲಿ ಅಂದಿದ್ದ. ಇದನ್ನು ಕೇಳಿದರೆ ಅವ್ವನ ಎದೆಯೂ ತಣ್ಣಗಾದೀತು, ಅವನಿಗೆ ಬಿಸಿ ಚಹಾವಾದರೂ ಸಿಕ್ಕೀತು ಅಂದುಕೊಂಡೆ. ನೇರ ಅಪ್ಪನ ಕೋಣೆಗೇ ಹೋಗಿ, ಇಬ್ಬರ ಮುಂದೆಯೂ ಹೇಳಿದೆ. "ಅಪ್ಪಾ, ನೀ ಹೇಳಿದ್ದು ಖರೇ ಅಂತ. ಸಾಬರು ತಮ್ಮ ಕಣ್ಣಿಲೆ ನೋಡ್ಯಾರಂತ." ಅಪ್ಪನ ಕಣ್ಣಲ್ಲಿ ನೀರು ತುಂಬಿತು. ಸರಳಿನ ಕಡೆ ಕೈ ಚಾಚಿ ಕುದುರೆಯನ್ನು ಮುಟ್ಟಿದ, ಮತ್ತೆ ಮತ್ತೆ ಮುಟ್ಟಿದ.

ಅವ್ವ ಎದ್ದು ಅಡುಗೆಮನೆಗೆ ಹೋದಳು. ನಾನು ಹಿಂದೆ ಹೋದೆ. ಒಲೆ ಹಚ್ಚದೆ ಅದರ ಮುಂದೆ ನಿಂತಿದ್ದಳು.

"ಅವರು ಬಿಟ್ಟಿದ್ರು ಅಂದ್ರ ನಮ್ಮವ್ವನ ಕಡೀ ಮಾರಿ ನೋಡೂದು ತಪ್ಪಿಸಿದಾಕಿ ನಾನೇ ಆದ್ನಲ್ಲ" ಅಂದಳು. "ಅಣ್ಣ ಗಾಡಿ ಚಾಲೂ ಮಾಡಿ ನಿಂತಿದ್ದ. ಮೆಟ್ಲತನಾ ಹೋಗಿದ್ದೆ. ಕಾಲು ನನ್ನವ ಇದ್ದುವು. ಯಾರೂ ಕಟ್ಟಿ ಹಾಕಿರ್ಲಿಲ್ಲ."

"ಹಂಗಲ್ಲ ಯವ್ವಾ..."

"ಇಷ್ಟು ವರ್ಷ ಇವರನ್ನ ಬೈಕೋತ ಬದುಕೀನಿ. ಇನ್ನ ನನ್ನ ನಾ ಬೈಕೋತ ಸಾಯ್ಲೇನು?" ಆಮೇಲೆ ನನ್ನ ಕಡೆ ತಿರುಗಿ, "ನಿನಗ ಯಾರು ಕೇಳಂದ್ರು?" ಅಂದಳು.

ಮರುದಿನ ಬೆಳಿಗ್ಗೆ ನಾನು ಹೋದಾಗ ಕಿಟಕಿಯ ಸರಳಿಗೆ ಎತ್ತು ಒಂದೇ ತೂಗುತ್ತಿತ್ತು. ಕುದುರೆ ಇದ್ದಲ್ಲಿ ಕೆಂಪು ದಾರದ ತುಂಡು ಉಳಿದಿತ್ತು, ಕತ್ತರಿಯಿಂದ ಕತ್ತರಿಸಿದ್ದು. ನಾನು ಅಪ್ಪನನ್ನು ದಿಂಬಿಗೆ ಒರಗಿಸಿದೆ. ಅವ್ವ ಲೋಟ ಹಿಡಿದು ಬಂದು ಸ್ಟೂಲಿನ ಮೇಲೆ ಕೂತಳು.

"ಅವತ್ತು ಹಕ್ಕಿ ಬಿಟ್ಟಿದ್ರೇನ್ರಿ?"

ಅಪ್ಪನ ಕೈ ಅಭ್ಯಾಸದಂತೆ ಎದ್ದಿತು. ಸರಳಿನ ಮೇಲೆ ಮೇಲಕ್ಕೂ ಕೆಳಕ್ಕೂ ತಡಕಾಡಿತು. ದಾರದ ತುಂಡು ಸಿಕ್ಕಿತು, ಅದನ್ನು ಎಳೆದ. ನನ್ನ ಕಡೆ ನೋಡಿದ. ನಾನು ಅವ್ವನ ಕಡೆ ನೋಡಿದೆ. ಅವಳು ಲೋಟ ಹಿಡಿದು ಅವನ ಕೈಯನ್ನೇ ನೋಡುತ್ತಿದ್ದಳು. ಹೂಂ ಅನ್ನುವ ದಾರಿಯನ್ನೇ ಅವಳು ಮುಚ್ಚಿಬಿಟ್ಟಿದ್ದಾಳೆ ಅಂತ ಅಪ್ಪನಿಗೂ ತಿಳಿಯಿತು. ಕೈ ಪಕ್ಕಕ್ಕೆ ಸರಿಯಿತು. ಎತ್ತು ಮುಟ್ಟಿದ.

"ಬಿಟ್ಟಿರ್ಲಿಲ್ಲ" ಅಂದಳು ಅವ್ವ, ನನ್ನ ಕಡೆ ತಿರುಗಿ. "ಕೇಳಿದೇನು? ಬಿಟ್ಟಿರ್ಲಿಲ್ಲಂತ."

ಚಹಾ ಇನ್ನೂ ಹೊಗೆಯಾಡುತ್ತಿತ್ತು. ಊದಿ, ಹದ ಮಾಡಿ, ಮೊದಲ ಚಮಚ ಅವನ ಬಾಯಿಗೆ ಇಟ್ಟಳು. ಎರಡನೆಯ ಚಮಚ ಎತ್ತುವಾಗ ಅವಳ ಬಾಯಿಂದ ಅದು ಹೊರಟಿತು. ಮೊದಲು ಸಣ್ಣಗೆ, ಆಮೇಲೆ ಎದೆ ಒಡೆಯುವ ಹಾಗೆ. ನನ್ನ ಹಡದವ್ವಾ, ನಿನ್ನ ಮಾರಿ ಕಾಣಲಿಲ್ಲವ್ವಾ, ಬೋನಾಳದ ಹಾದಿ ನನಗ ದೂರಾಯ್ತವ್ವಾ. ಸಾಲಿನ ಮೇಲೆ ಸಾಲು ಕಟ್ಟಿ, ಓಣಿಯ ಸಾವುಗಳಲ್ಲಿ ಹಾಡುತ್ತಿದ್ದ ಅದೇ ರಾಗದಲ್ಲಿ, ತಲೆ ತೂಗುತ್ತ ಹಾಡಿ ಅತ್ತಳು. ಹಾಡುತ್ತಲೇ ಚಮಚ ತುಂಬಿ ತುಂಬಿ ಅವನಿಗೆ ಕುಡಿಸಿದಳು.

ಓಣಿಯವರು ಕೈಗೆ ಹತ್ತಿದ ಹಿಟ್ಟಿನ ಸಮೇತ ಓಡಿ ಬಂದರು. ಅಪ್ಪ ಹೋದನೆಂದೇ ಎಲ್ಲರೂ ತಿಳಿದಿದ್ದರು. ಬಾಗಿಲಲ್ಲಿ ನಿಂತು ನೋಡಿದರೆ ಅವನು ದಿಂಬಿಗೆ ಒರಗಿ ಕೂತಿದ್ದಾನೆ, ಗದ್ದದ ಮೇಲೆ ಚಹಾ ಹರಿಯುತ್ತಿದೆ. ಪಕ್ಕದ ಮನೆಯ ಮುದುಕಿ ಒಳಗೆ ಬಂದು ಅವ್ವನ ಹೆಗಲ ಮೇಲೆ ಕೈ ಇಟ್ಟು, "ಯಾರು ಹೋದ್ರವ್ವ?" ಅಂತ ಕೇಳಿದಳು.

"ನಮ್ಮವ್ವ" ಅಂದಳು ಅವ್ವ.

ಅಪ್ಪನ ಕೈ ಇನ್ನೂ ಎತ್ತಿನ ಮೇಲೇ ಇತ್ತು.